ಸೂಜಿ ಚುಚ್ಚಿ ಪಾಕದ ಹದ ನೋಡಿದ್ದು

ಮೈಸೂರು ಪಾಕಿಗೆ ಇಟ್ಟಾಗ ಅಮ್ಮ ಎರಡು ಬೆರಳ ನಡುವೆ ಸಕ್ಕರೆ ಪಾಕ ಎಳೆದು ನೋಡುತ್ತಾಳೆ, ಒಂದೆಳೆಯೋ ಎರಡೆಳೆಯೋ ಅಂತ. ಪಿಎಚ್‌ಡಿಯಲ್ಲಿ ನಾನು ಮಾಡಿದ್ದೂ ಹೆಚ್ಚುಕಡಿಮೆ ಅದೇ. ಬೆರಳಿನ ಜಾಗದಲ್ಲಿ ಸೂಜಿ, ಬಾಣಲೆಯ ಜಾಗದಲ್ಲಿ 40 ಮೈಕ್ರಾನಿನ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಹನಿ.

ಗಾಳಿಯಲ್ಲಿ ತೇಲುವ ಸಾವಯವ ಕಣಗಳನ್ನು ಬಹಳ ಕಾಲ ದ್ರವವೆಂದೇ ಲೆಕ್ಕ ಹಾಕುತ್ತಿದ್ದರು. ಫಿನ್ಲೆಂಡಿನ ಕಾಡಿನ ಕಣಗಳು ತಟ್ಟೆಗೆ ಬಡಿದು ಪುಟಿಯುತ್ತವೆ ಎಂದು ವಿಜ್ಞಾನಿ ವಿರ್ಟನೆನ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದರು. ಪುಟಿದರೆ ಗಟ್ಟಿ, ಸರಿ. ಎಷ್ಟು ಗಟ್ಟಿ? ಅದಕ್ಕೆ ಅಳತೆ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ. ನೀರಿನ ಸ್ನಿಗ್ಧತೆ 10⁻³ ಪ್ಯಾಸ್ಕಲ್-ಸೆಕೆಂಡ್, ಜೇನಿನದು ಸುಮಾರು 10, ಗಾಜಿನದು 10¹²ಕ್ಕೂ ಮೇಲೆ. ಇದನ್ನು ಅಳೆಯುವ ಮಾಮೂಲಿ ಉಪಕರಣ ವಿಸ್ಕೋಮೀಟರಿಗೆ ಚಮಚಗಟ್ಟಲೆ ದ್ರವ ಬೇಕು. ಇಡೀ ದಿನ ಕಣ ಹಿಡಿದರೂ ನಮಗೆ ಸಿಗುವುದು ಮಿಲಿಗ್ರಾಂ ಲೆಕ್ಕದಲ್ಲಿ.

ಹಾಗಾಗಿ ಪೋಕ್ ಅಂಡ್ ಫ್ಲೋ, ಅಂದರೆ ಚುಚ್ಚಿ ಹರಿವು ನೋಡುವ ವಿಧಾನ. ನೀರು ಅಂಟದ ಲೇಪನದ ಗಾಜಿನ ಮೇಲೆ ಹನಿ ಕೂರಿಸಿ, ತೇವ ಹದಮಾಡಿದ ನೈಟ್ರೋಜನ್ ಹಾಯಿಸಿ, ಮೈಕ್ರೋಸ್ಕೋಪಿನಡಿ ಸೂಜಿ ಇಳಿಸಿ ಎತ್ತಬೇಕು. ಹನಿ ಉದ್ದಿನವಡೆಯ ಹಾಗೆ ನಡುವೆ ತೂತಾಗಿ ನಿಲ್ಲುತ್ತದೆ. ಆಮೇಲೆ ಮೇಲ್ಮೈ ಸೆಳೆತಕ್ಕೆ ತೂತು ಮೆಲ್ಲಗೆ ಮುಚ್ಚುತ್ತ ಬರುತ್ತದೆ. ತೂತಿನ ವ್ಯಾಸ ಅರ್ಧಕ್ಕಿಳಿಯಲು ಹಿಡಿದ ಸಮಯವೇ ನಮ್ಮ ಅಳತೆ. ನೂರು ಸೆಕೆಂಡು ಹಿಡಿದರೆ ಅಂದಾಜು 10⁵ರ ಆಸುಪಾಸು. ಪಕ್ಕಾ ಅಂಕಿಗೆ ಕಂಪ್ಯೂಟರಿನಲ್ಲಿ ದ್ರವದ ಹರಿವನ್ನು ಲೆಕ್ಕ ಹಾಕಬೇಕು. ಅಲ್ಲೂ ಒಂದೇ ಅಂಕಿ ಬರುವುದಿಲ್ಲ, ಮೇಲಿನ ಮಿತಿ, ಕೆಳಗಿನ ಮಿತಿ ಅಂತ ಎರಡು ಬರುತ್ತವೆ.

ಮೊದಲು ಸಕ್ಕರೆ ನೀರಿನಲ್ಲೇ ಕೈ ಪಳಗಿಸಿಕೊಂಡೆ, ಅದರ ಅಂಕಿಗಳು ಮೊದಲೇ ಗೊತ್ತಿರುವುದರಿಂದ. ತೇವಾಂಶದ ಮಾಪಕವನ್ನಂತೂ ನಂಬಲಿಲ್ಲ. ಅಮೋನಿಯಂ ಸಲ್ಫೇಟಿನ ಹರಳು ಇಟ್ಟು, ಶೇ 80ಕ್ಕೆ ಸರಿಯಾಗಿ ಕರಗಿ ಹನಿಯಾಗುತ್ತದೋ ನೋಡಿದೆ. ಹರಳು ಕರಗುವಾಗ ನಮ್ಮ ಮಾಪಕ ಶೇ 83 ತೋರಿಸುತ್ತಿತ್ತು. ತಪ್ಪು ಮೈಕ್ರೋಸ್ಕೋಪಿನ ದೀಪದ್ದು. ಹನಿಯಿದ್ದ ಜಾಗ ಅರ್ಧ ಡಿಗ್ರಿಯಷ್ಟು ಬಿಸಿಯಾಗಿ, ಅಲ್ಲಿ ಮಾತ್ರ ತೇವಾಂಶ ಇಳಿದಿತ್ತು. ಅಂದಿನಿಂದ ಫೋಟೊ ತೆಗೆಯುವಾಗಷ್ಟೇ ದೀಪ.

ದೊಡ್ಡ ಎಡವಟ್ಟು ಮಾಡಿದ್ದು ನನ್ನ ಅವಸರ. ತೇವಾಂಶವನ್ನು ಶೇ 25ಕ್ಕೆ ಇಳಿಸಿ, ಅರ್ಧ ಗಂಟೆ ಕಾದು ಚುಚ್ಚಿದೆ. ಮೇಲೆ ಹಪ್ಪಳದಂತೆ ಬಿರುಕು, ಒಳಗಿನಿಂದ ಮೆತ್ತಗೆ ಒಸರುತ್ತಿದೆ! ಹೊರಗೆ ಒಣಗಿ ಚಿಪ್ಪುಗಟ್ಟಿತ್ತು, ಒಳಗಿನ ನೀರಿಗೆ ಹೊರಬರಲು ದಾರಿಯೇ ಇರಲಿಲ್ಲ. ಮೂರು ವಾರದ ಒಣ ಅಳತೆಗಳನ್ನೆಲ್ಲ ಹೊಡೆದುಹಾಕಿದೆ. ಆಮೇಲೆ ಒಣ ಹನಿಯನ್ನು ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಚುಚ್ಚುತ್ತಿದ್ದೆ. ಎರಡೂ ಕೂಡಿ ಬಂದರಷ್ಟೇ ನೋಟ್‌ಬುಕ್ಕಿಗೆ.

ಕೊನೆಗೆ ಅಸಲಿ ಮಾಲು: ಪೈನ್ ಮರದ ವಾಸನೆಯ ಆಲ್ಫಾ-ಪೈನೀನ್ ಓಜೋನಿನೊಡನೆ ಬೆರೆತು ಹುಟ್ಟಿದ ಕಣಗಳು. ತೇವದ ಗಾಳಿಯಲ್ಲಿ ತೂತು ನಾನು ಕ್ಯಾಮೆರಾ ಒತ್ತುವ ಮೊದಲೇ ಮುಚ್ಚಿಕೊಂಡಿತು; ಸಲೀಸಾಗಿ ಹರಿಯುವ ತೆಳು ಹನಿಗೆ ಈ ವಿಧಾನ ಒಗ್ಗದು, ಒಳಗೆ ಸಣ್ಣ ಮಣಿ ಬೆರೆಸಿ ಅದರ ಓಟ ಅಳೆಯುವುದೇ ವಾಸಿ. ಒಣ ಗಾಳಿಯಲ್ಲಿ ಚುಚ್ಚಿದಾಗ ಕಣ ಗಾಜಿನ ಬಳೆಯಂತೆ ಚೂರಾಯಿತು. ಮರುದಿನ ಬಂದು ನೋಡಿದರೆ ಚೂರುಗಳ ಅಂಚು ಹಾಗೇ ಚೂಪಾಗಿತ್ತು. ನೋಟ್‌ಬುಕ್ಕಿನ ಆ ಸಾಲಿನಲ್ಲಿ ಅಂಕಿ ಬರೆಯಲಾಗಲಿಲ್ಲ. 10⁸ಕ್ಕಿಂತ ಹೆಚ್ಚು ಎಂದಷ್ಟೇ ಬರೆದಿದ್ದೇನೆ.