ಆಪಲ್ ಪೈಗೆ ಮಳೆಗಾಲವೇ ಸರಿ

ನಮ್ಮ ಕಡೆ ಆಪಲ್ ಪೈ ಮಾಡುವುದಾದರೆ ಮಳೆಗಾಲದಲ್ಲೇ ಮಾಡಬೇಕು. ನಮ್ಮದು ಹೊಸನಗರದ ಹತ್ತಿರದ ಮನೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಣ್ಣೆಯನ್ನು ಫ್ರಿಜ್‌ನಿಂದ ಹೊರಗೆ ತೆಗೆದು ಮೈದಾ ಅಳೆಯುವಷ್ಟರಲ್ಲಿ ಅದು ಮೆತ್ತಗಾಗಿರುತ್ತದೆ. ಆಗಸ್ಟ್‌ನಲ್ಲಿ ಹಾಗಿಲ್ಲ. ಹೊರಗೆ ಜಡಿಮಳೆ, ಒಳಗೆ ಅಡುಗೆಮನೆಯ ಕಡಪ ಕಲ್ಲು ಮುಟ್ಟಿದರೆ ತಣ್ಣಗೆ ಕೊರೆಯುತ್ತದೆ. ಹಿಮಾಚಲದ ಹೊಸ ಸೇಬು ಶಿವಮೊಗ್ಗದ ಪೇಟೆಗೆ ಬರುವುದೂ ಅದೇ ಹೊತ್ತಿಗೆ. ಇಷ್ಟು ಒಟ್ಟಿಗೆ ಕೂಡಿಬಂದಾಗ ಸುಮ್ಮನೆ ಕೂರಲು ನನ್ನಿಂದ ಆಗುವುದಿಲ್ಲ.

ಪೈ ಒಳಗಿನ ಹೂರಣವನ್ನು ಯಾರು ಬೇಕಾದರೂ ರುಚಿಯಾಗಿ ಮಾಡಬಹುದು. ಸೇಬು, ಸಕ್ಕರೆ, ದಾಲ್ಚಿನ್ನಿ ಸೇರಿದರೆ ಕೆಡುವುದು ಕಷ್ಟ. ಕೆಲಸ ಇರುವುದೆಲ್ಲ ಹೊರಗಿನ ಕವಚದಲ್ಲಿ. ಚಾಕು ಹಾಕಿದಾಗ ಅದು ಗರಗರ ಎನ್ನಬೇಕು, ಹಾಳೆ ಹಾಳೆಯಾಗಿ ಬಿಡಬೇಕು. ಅದಕ್ಕೆ ಬೇಕಾದದ್ದು ಒಂದೇ: ಓವನ್ ಒಳಗೆ ಹೋಗುವ ತನಕ ಬೆಣ್ಣೆ ಕರಗಬಾರದು. ನಾನು ಮುಂದೆ ಹೇಳುವ ಅರ್ಧಕ್ಕರ್ಧ ವಿಷಯ ಈ ಒಂದು ಮಾತಿಗೇ ಸೇರಿದ್ದು.

ಯಾಕೆ ಹೀಗೆ ಅಂತ ಗೊತ್ತಿದ್ದರೆ ಕೈಗೆ ತಾನಾಗಿಯೇ ಬುದ್ಧಿ ಬರುತ್ತದೆ. ಬೆಣ್ಣೆಯೆಂದರೆ ಬರೀ ಜಿಡ್ಡಲ್ಲ. ಪ್ಯಾಕೆಟ್ ಬೆಣ್ಣೆಯಲ್ಲಿ ಸುಮಾರು ಶೇ 80 ಜಿಡ್ಡು, ಶೇ 16ರ ತನಕ ನೀರು ಇರುತ್ತದೆ. ಗಟ್ಟಿ ಬೆಣ್ಣೆಯ ಚೂರುಗಳು ಹಿಟ್ಟಿನ ನಡುವೆ ಚಪ್ಪಟೆಯಾಗಿ ಕೂತಿರಬೇಕು. ಬಿಸಿ ಓವನ್‌ಗೆ ಹೋದ ಕೂಡಲೇ ಬೆಣ್ಣೆ ಕರಗುತ್ತದೆ, ಅದರೊಳಗಿನ ನೀರು ಆವಿಯಾಗುತ್ತದೆ. ಆ ಆವಿ ಮೇಲಿನ ಹಿಟ್ಟನ್ನು ಎತ್ತುತ್ತದೆ. ಎತ್ತಿದ ಜಾಗ ಬೀಳುವ ಮೊದಲೇ ಹಿಟ್ಟು ಬೆಂದು ಗಟ್ಟಿಯಾದರೆ ಅಲ್ಲೊಂದು ಪದರ. ಕಲಸುವಾಗಲೇ ಬೆಣ್ಣೆ ಕರಗಿ ಮೈದಾದೊಳಗೆ ಇಳಿದುಬಿಟ್ಟರೆ ಎತ್ತುವುದಕ್ಕೆ ಏನೂ ಉಳಿಯುವುದಿಲ್ಲ.

ಇದನ್ನು ನಮ್ಮ ಅತ್ತೆಗೆ ವಿವರಿಸಿದಾಗ ಅವರು ಕೇಳಿದ್ದು, "ಚಿರೋಟಿಗೆ ಹಾಳೆ ಮೇಲೆ ಸಾಟಿ ಹಚ್ತೀವಲ್ಲ, ಹಂಗಾ?" ಅಂತ. ಸಾಟಿ ಅಂದರೆ ತುಪ್ಪ, ಅಕ್ಕಿಹಿಟ್ಟು ಕಲಸಿದ ಲೇಪ. "ಹೌದತ್ತೆ, ಆದ್ರೆ ಇಲ್ಲಿ ಸಾಟಿ ಹಿಟ್ಟಿನ ಒಳಗೇ ಚೂರುಚೂರಾಗಿ ಇರತ್ತೆ" ಅಂದೆ. ಚಿರೋಟಿ ಮಾಡಿ ಗೊತ್ತಿರುವವರಿಗೆ ಇದಕ್ಕಿಂತ ಚೆನ್ನಾಗಿ ಹೇಳುವುದು ಹೇಗೋ ನನಗೆ ಗೊತ್ತಿಲ್ಲ.

ತುಪ್ಪ ಹಾಕಬಹುದಾ ಅಂತ ಬಹಳ ಜನ ಕೇಳುತ್ತಾರೆ. ತುಪ್ಪದಲ್ಲಿ ನೀರಿಲ್ಲ, ಹಾಗಾಗಿ ಆವಿ ಏಳುವುದಿಲ್ಲ. ತುಪ್ಪ ಹಾಕಿದ ಹಿಟ್ಟು ಬಿಸ್ಕತ್ತಿನ ಥರ ಪುಡಿಪುಡಿಯಾಗುತ್ತದೆ. ರುಚಿ ಚೆನ್ನಾಗಿಯೇ ಇರುತ್ತದೆ, ಪದರ ಮಾತ್ರ ಸಿಗುವುದಿಲ್ಲ.

ಮನೆಯಲ್ಲಿ ಕಡೆದ ಬೆಣ್ಣೆ ಆಗುತ್ತದೆ. ಆದರೆ ಅದರಲ್ಲಿ ಮಜ್ಜಿಗೆ ಉಳಿದಿರುತ್ತದೆ. ತಣ್ಣೀರಿನಲ್ಲಿ ತೊಳೆದು, ಕೈಯಲ್ಲಿ ಒತ್ತಿ ಒತ್ತಿ ನೀರು ಬಸಿಯಬೇಕು. ಬಿಳಿ ನೀರು ಬರುವುದು ನಿಂತ ಮೇಲೆ ಉಂಡೆ ಕಟ್ಟಿ ಒಂದು ರಾತ್ರಿ ಫ್ರಿಜ್‌ನಲ್ಲಿಡಬೇಕು. ಎಮ್ಮೆ ಬೆಣ್ಣೆ ಸಿಕ್ಕರೆ ಇನ್ನೂ ಒಳ್ಳೆಯದು, ದನದ ಬೆಣ್ಣೆಗಿಂತ ಗಟ್ಟಿ ಇರುತ್ತದೆ. ಪ್ಯಾಕೆಟ್ ತರುವುದಾದರೆ ಉಪ್ಪು ಹಾಕದ ಬೆಣ್ಣೆ ತನ್ನಿ. ನಂದಿನಿಯದು ಸಿಗುತ್ತದೆ. ಉಪ್ಪಿನ ಬೆಣ್ಣೆ ಮಾತ್ರ ಇದ್ದರೆ ಹಿಟ್ಟಿಗೆ ಬೇರೆ ಉಪ್ಪು ಹಾಕಬೇಡಿ.

9 ಇಂಚಿನ ಪೈ ತಟ್ಟೆಗೆ, ಕೆಳಗೆ ಮತ್ತು ಮೇಲೆ ಎರಡೂ ಹಾಳೆ ಬರುವ ಹಾಗೆ, ನನ್ನ ಅಳತೆ ಇದು: ಮೈದಾ 320 ಗ್ರಾಂ, ಬೆಣ್ಣೆ 225 ಗ್ರಾಂ, ಒಂದು ಟೀ ಚಮಚ ಉಪ್ಪು, ಒಂದು ಟೇಬಲ್ ಚಮಚ ಸಕ್ಕರೆ. ನೀರು 6ರಿಂದ 8 ಟೇಬಲ್ ಚಮಚ ಅಂತ ಎಲ್ಲ ಕಡೆ ಹೇಳುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ನನಗೆ 5 ಸಾಕಾಗುತ್ತದೆ. ಡಬ್ಬಿಯೊಳಗಿನ ಹಪ್ಪಳವೂ ಮೆತ್ತಗಾಗುವ ಕಾಲ ಅದು. ಮೈದಾ ಆಗಲೇ ಗಾಳಿಯ ತೇವ ಎಳೆದುಕೊಂಡಿರುತ್ತದೆ. ಹಾಗಾಗಿ ನೀರಿನ ಲೆಕ್ಕವನ್ನು ಪೂರ್ತಿ ನಂಬಬೇಡಿ, ಹಿಟ್ಟನ್ನು ಮುಟ್ಟಿ ನೋಡಿ.

ಬೆಣ್ಣೆಯನ್ನು ಒಂದು ಸೆಂಟಿಮೀಟರ್ ಚೌಕಗಳಾಗಿ ಕತ್ತರಿಸಿ 15 ನಿಮಿಷ ಫ್ರೀಜರ್‌ನಲ್ಲಿ ಇಡುತ್ತೇನೆ. ಮೈದಾ ಇರುವ ಪಾತ್ರೆಯೂ ಫ್ರಿಜ್ ಒಳಗೆ. ನೀರಿಗೆ ಐಸ್ ತುಂಡು. ಆಮೇಲೆ ಬೆಣ್ಣೆ ಚೂರುಗಳನ್ನು ಮೈದಾದಲ್ಲಿ ಹೊರಳಿಸಿ, ಒಂದೊಂದನ್ನೇ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಒತ್ತುತ್ತೇನೆ. ಚೌಕ ಇದ್ದದ್ದು ಬಿಲ್ಲೆಯಾಗುತ್ತದೆ. ಬಿಲ್ಲೆಗೆ ಎರಡೂ ಬದಿ ಮೈದಾ ಅಂಟಿಕೊಳ್ಳುತ್ತದೆ. ಬೆರಳ ತುದಿ ಮಾತ್ರ ತಾಗಬೇಕು, ಅಂಗೈ ಬಿಸಿ ಇರುತ್ತದೆ. ಕೆಲವು ಚೂರು ಅವರೆಕಾಳಿನಷ್ಟು, ಕೆಲವು ಇನ್ನೂ ದೊಡ್ಡದು, ಕೆಲವು ರವೆಯಷ್ಟು ಸಣ್ಣ. ಹೀಗೆ ಹೆಚ್ಚುಕಡಿಮೆ ಇರುವುದೇ ಬೇಕು. ನಡುವೆ ಬೆಣ್ಣೆ ಬೆರಳಿಗೆ ಮೆತ್ತಿಕೊಳ್ಳಲು ಶುರುವಾದರೆ ಪಾತ್ರೆಯನ್ನು ಹಾಗೇ ಫ್ರಿಜ್ ಒಳಗಿಟ್ಟು ಹತ್ತು ನಿಮಿಷ ಬೇರೆ ಕೆಲಸ ನೋಡುತ್ತೇನೆ.

ನೀರನ್ನು ಒಂದೊಂದೇ ಚಮಚ ಚಿಮುಕಿಸಿ ಫೋರ್ಕ್‌ನಲ್ಲಿ ಕೆದಕಬೇಕು. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಿ ನಿಲ್ಲಬೇಕು, ಅಂಚಿನಲ್ಲಿ ಸ್ವಲ್ಪ ಬಿರುಕು ಬಿಟ್ಟರೂ ಅಡ್ಡಿಯಿಲ್ಲ. ಅಲ್ಲಿಗೆ ನೀರು ಸಾಕು. ನಾದಲೇಬಾರದು. ಚಪಾತಿ, ಹೋಳಿಗೆ ಮಾಡಿ ಪಳಗಿದ ಕೈಗೆ ಇದು ಕಷ್ಟ. ಅತ್ತೆ ಬಗ್ಗಿ ನೋಡಿ, "ಇದೆಂತ ಮಾರಾಯ್ತಿ, ಹಿಟ್ಟು ಇನ್ನೂ ಕೂಡ್ಲೇ ಇಲ್ವಲ್ಲ" ಅಂದರು. ಕೂಡಬಾರದು. ನೀರು ಬಿದ್ದ ಮೈದಾವನ್ನು ನಾದಿದಷ್ಟೂ ಅಂಟು ಹೆಚ್ಚುತ್ತದೆ. ಹೋಳಿಗೆಯ ಕಣಕಕ್ಕೆ ಆ ಅಂಟೇ ಬೇಕು. ಪೈನಲ್ಲಿ ಅದು ಜಾಸ್ತಿಯಾದರೆ ಕವಚ ಜಗಿಯುವ ಹಾಗಾಗುತ್ತದೆ, ಬೇಯುವಾಗ ತಟ್ಟೆಯ ಅಂಚಿನಿಂದ ಒಳಕ್ಕೆ ಜಾರುತ್ತದೆ.

ಹಿಟ್ಟನ್ನು ಎರಡು ಪಾಲು ಮಾಡಿ, ಕೆಳಗಿನ ಹಾಳೆಯ ಪಾಲು ಸ್ವಲ್ಪ ದೊಡ್ಡದು, ಚಪ್ಪಟೆ ಬಿಲ್ಲೆಯಾಗಿ ತಟ್ಟಿ, ಮುಚ್ಚಳದ ಡಬ್ಬಿಯಲ್ಲಿ ಹಾಕಿ ಕಡಿಮೆಯೆಂದರೂ ಒಂದು ಗಂಟೆ ಫ್ರಿಜ್‌ನಲ್ಲಿ ಇಡುತ್ತೇನೆ. ರಾತ್ರಿಯಿಡೀ ಇಟ್ಟರೆ ಇನ್ನೂ ಒಳ್ಳೆಯದು. ಅಂಟು ಸಡಿಲವಾಗುತ್ತದೆ, ನೀರು ಸಮನಾಗಿ ಹರಡುತ್ತದೆ, ಬೆಣ್ಣೆ ಮತ್ತೆ ಗಟ್ಟಿಯಾಗುತ್ತದೆ. ಆಮೇಲೆ ಕಲ್ಲಿನ ಮೇಲೆ ಲಟ್ಟಿಸಿದಾಗ ಹಾಳೆಯ ಮೈಮೇಲೆ ಹಳದಿ ಬೆಣ್ಣೆಯ ಪಟ್ಟೆಗಳು ಉದ್ದುದ್ದಕ್ಕೆ ಕಾಣುತ್ತವೆ. ಆ ಪಟ್ಟೆ ಕಂಡರೆ ನನಗೆ ಖುಷಿ. ಪಟ್ಟೆ ಇದ್ದಲ್ಲೆಲ್ಲ ಪದರ ಏಳುತ್ತದೆ.

ಇನ್ನು ಸೇಬು. ನಮಗೆ ಸಲೀಸಾಗಿ ಸಿಗುವುದು ಕೆಂಪು ಡೆಲಿಷಿಯಸ್. ಹಿಮಾಚಲದ ಕೋಟ್‌ಗಢದಲ್ಲಿ ಅಮೆರಿಕದ ಸ್ಯಾಮ್ಯುಯಲ್ ಸ್ಟೋಕ್ಸ್ 1916ರ ಹೊತ್ತಿಗೆ ತಂದು ನೆಟ್ಟ ಜಾತಿಯದು. ಹಾಗೇ ತಿನ್ನುವುದಕ್ಕೆ ಬಲು ಸಿಹಿ. ಬೇಯಿಸಿದರೆ ಹುಳಿಯಿಲ್ಲದೆ ಸಪ್ಪೆ ಅನಿಸುತ್ತದೆ, ಬೇಗ ಮೆತ್ತಗೂ ಆಗುತ್ತದೆ. ಪೈಗೆ ಹೇಳಿಮಾಡಿಸಿದ್ದು ಹಸಿರು ಗ್ರ್ಯಾನಿ ಸ್ಮಿತ್. ಅದು ಹೆಚ್ಚಾಗಿ ಹೊರದೇಶದಿಂದ ಬರುವ ಹಣ್ಣು, ಬೆಲೆ ಜಾಸ್ತಿ. ಹಾಗಾಗಿ ನಾನು ಶಿವಮೊಗ್ಗಕ್ಕೆ ಹೋದಾಗ ಎರಡು ಮೂರು ಹಸಿರು ಹಣ್ಣು ತರುತ್ತೇನೆ, ಉಳಿದದ್ದು ಹಿಮಾಚಲದ್ದು. ಕೆಂಪಿನ ಜೊತೆ ಹಳದಿ ಗೋಲ್ಡನ್ ಸಿಕ್ಕರೆ ಬಿಡಬೇಡಿ. ಬೆಂದ ಮೇಲೂ ಹೋಳು ಹೋಳಾಗಿ ನಿಲ್ಲುತ್ತದೆ. ಯಾವುದೇ ಆಗಲಿ, ಉಗುರು ಒತ್ತಿದರೆ ಸುಲಭಕ್ಕೆ ಇಳಿಯದಷ್ಟು ಗಟ್ಟಿ ಇರಬೇಕು. ಹಿಟ್ಟು ಹಿಟ್ಟಾದ ಹಳೆಯ ಹಣ್ಣು ಬೇಡವೇ ಬೇಡ.

ಸುಮಾರು 1.2 ಕಿಲೋ ಸೇಬು ಬೇಕು. ಸಿಪ್ಪೆ, ಬೀಜ ತೆಗೆದು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹೋಳು ಮಾಡಿ, 100 ಗ್ರಾಂ ಸಕ್ಕರೆ, ಎರಡು ಟೇಬಲ್ ಚಮಚ ನಿಂಬೆರಸ, ಒಂದು ಚಿಟಿಕೆ ಉಪ್ಪು ಬೆರೆಸಿ ಮುಕ್ಕಾಲು ಗಂಟೆ ಬಿಡುತ್ತೇನೆ. ಈ ಹಂತವನ್ನು ತಪ್ಪಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸೇಬು ಎಷ್ಟು ನೀರು ಬಿಡುತ್ತದೆ ಅಂತ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಆ ನೀರೆಲ್ಲ ಪೈ ಒಳಗೇ ಬಿಟ್ಟರೆ ಕೆಳಗಿನ ಹಾಳೆ ಬೇಯುವ ಬದಲು ನೆನೆಯುತ್ತದೆ. ಹೋಳು ಒಳಗೆ ಕುಗ್ಗಿ, ಮೇಲಿನ ಹಾಳೆಯ ಕೆಳಗೆ ಗುಹೆಯಷ್ಟು ಜಾಗ ಉಳಿಯುತ್ತದೆ.

ಬಸಿದ ರಸವನ್ನು ಚೆಲ್ಲುವುದಿಲ್ಲ. ಸಣ್ಣ ಬಾಣಲೆಗೆ ಹಾಕಿ, ಒಂದು ದೊಡ್ಡ ಚಮಚ ಜೋನಿ ಬೆಲ್ಲ (ನೀರಾಗಿರುವ ಬೆಲ್ಲ), ಒಂದು ಚಮಚ ಬೆಣ್ಣೆ ಸೇರಿಸಿ ಪಾಕದಷ್ಟು ಮಂದವಾಗುವ ತನಕ ಕುದಿಸುತ್ತೇನೆ. ಆಲೆಮನೆಯಿಂದ ಬಂದ ಜೋನಿ ಬೆಲ್ಲ ನಮ್ಮ ಮನೆಯಲ್ಲಿ ಯಾವಾಗಲೂ ಇರುತ್ತದೆ. ಅದರ ಸುಟ್ಟ ಸಿಹಿ ಸೇಬಿಗೆ ಎಷ್ಟು ಒಪ್ಪುತ್ತದೆ ಎಂದರೆ, ಈಗ ಬರೀ ಸಕ್ಕರೆಯಲ್ಲಿ ಮಾಡಿದ ಪೈ ನನಗೆ ಅರ್ಧ ಕೆಲಸ ಅನಿಸುತ್ತದೆ. ಪೂರ್ತಿ ಬೆಲ್ಲವನ್ನೇ ಹಾಕಿದರೆ ಸೇಬಿನ ರುಚಿ ಮುಚ್ಚಿಹೋಗುತ್ತದೆ, ಒಂದು ಚಮಚ ಸಾಕು. ಪಾಕ ಆರಿದ ಮೇಲೆ ಹೋಳುಗಳಿಗೆ ಬೆರೆಸಿ, ಎರಡು ಟೇಬಲ್ ಚಮಚ ಕಾರ್ನ್‌ಫ್ಲೋರ್, ಒಂದೂವರೆ ಟೀ ಚಮಚ ದಾಲ್ಚಿನ್ನಿ ಪುಡಿ ಹಾಕುತ್ತೇನೆ. ಅಡಿಕೆ ತೋಟದ ಜಾಯಿಕಾಯಿಯನ್ನು ಆಗಲೇ ತುರಿದು ಹಾಕಬೇಕು, ನಾಲ್ಕು ಎಳೆತ ಸಾಕು. ಪೂರ್ತಿ ತಣ್ಣಗಾಗದೆ ಹೂರಣವನ್ನು ಹಿಟ್ಟಿನ ಹತ್ತಿರ ತರಬೇಡಿ.

ಹಾಳೆ 3 ಮಿಲಿಮೀಟರ್ ದಪ್ಪ ಇರಲಿ. ತಟ್ಟೆ ಅಲ್ಯೂಮಿನಿಯಂದಾದರೆ ಒಳ್ಳೆಯದು, ಸ್ಟೀಲಿಗಿಂತ ಬೇಗ ಬಿಸಿ ದಾಟಿಸುತ್ತದೆ. ಹಾಳೆಯನ್ನು ಎಳೆದು ಕೂರಿಸಬಾರದು, ಎತ್ತಿ ಎತ್ತಿ ಮೂಲೆಗೆ ಇಳಿಬಿಡಬೇಕು. ಹೂರಣ ತುಂಬಿ, ಮೇಲಿನ ಹಾಳೆ ಮುಚ್ಚಿ, ಅಂಚು ಮಡಚಿ ಒತ್ತಿ, ಆವಿ ಹೋಗಲು ನಡುವೆ ಐದಾರು ಸೀಳು ಹಾಕುತ್ತೇನೆ. ನಮ್ಮ ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲ. ಹಾಲಿನ ಕೆನೆ ಸವರಿ ಸಕ್ಕರೆ ಉದುರಿಸಿದರೆ ಬಣ್ಣ ಚೆನ್ನಾಗಿಯೇ ಬರುತ್ತದೆ. ಇಡೀ ತಟ್ಟೆಯನ್ನು ಮತ್ತೆ 20 ನಿಮಿಷ ಫ್ರೀಜರ್‌ಗೆ.

ಮಳೆಗಾಲದ ಒಂದೇ ತೊಂದರೆ ಕರೆಂಟು. ಗಾಳಿಗೆ ಮರ ಲೈನಿನ ಮೇಲೆ ಬಿದ್ದರೆ ಮುಗಿಯಿತು, ಮನೆಯ ಇನ್ವರ್ಟರ್ ಓವನ್‌ನ ಭಾರ ಎಳೆಯುವುದಿಲ್ಲ. ಅದಕ್ಕೇ ನಾನು ಪೈ ಕಟ್ಟಿ ಫ್ರೀಜರ್‌ನಲ್ಲಿಟ್ಟು ಕಾಯುತ್ತೇನೆ. ಮುಚ್ಚಿಟ್ಟರೆ ಮರುದಿನದ ತನಕವೂ ಏನೂ ಆಗುವುದಿಲ್ಲ. ಕರೆಂಟು ಸ್ವಲ್ಪ ಹೊತ್ತು ಒಂದೇ ಸಮ ನಿಂತಿದೆ ಅನಿಸಿದ ಮೇಲೆ ಓವನ್ ಹಚ್ಚುವುದು. ವೋಲ್ಟೇಜ್ ಕಡಿಮೆ ಇದ್ದ ದಿನ ಓವನ್ ಕಾಯುವುದು ನಿಧಾನ. ಗುಂಡಿಯ ಮೇಲಿನ ಅಂಕಿ ನಂಬದೆ ಒಳಗೊಂದು ಓವನ್ ಥರ್ಮಾಮೀಟರ್ ಇಟ್ಟುಕೊಳ್ಳಿ. ಬೇಯುವ ನಡುವೆ ಕರೆಂಟು ಹೋದರೆ ಬಾಗಿಲು ತೆಗೆಯಬೇಡಿ. ಒಳಗಿನ ಬಿಸಿ ಕೊಂಚ ಹೊತ್ತು ಕೈಹಿಡಿಯುತ್ತದೆ.

ಖಾಲಿ ಟ್ರೇಯನ್ನು ಕೆಳಗಿನ ಮೆಟ್ಟಿಲಲ್ಲಿಟ್ಟು 220 ಡಿಗ್ರಿಗೆ ಕಾಯಿಸಿ, ಅದರ ಮೇಲೆ ತಟ್ಟೆ ಇಡಬೇಕು. ಕೆಳಗಿನ ಹಾಳೆ ಮೊದಲು ಬೇಯಲಿ ಅಂತ. 20 ನಿಮಿಷ ಆ ಬಿಸಿ. ಪದರ ಏಳುವುದು ಆಗಲೇ. ಆಮೇಲೆ 190ಕ್ಕೆ ಇಳಿಸಿ ಇನ್ನು 40 ನಿಮಿಷ. ಅಂಚು ಬೇಗ ಕೆಂಪಾದರೆ ಫಾಯಿಲ್ ಮುಚ್ಚುತ್ತೇನೆ. ಮೇಲೆ ಬಣ್ಣ ಬಂತು ಅಂತ ತೆಗೆಯಬಾರದು. ಸೀಳಿನೊಳಗೆ ಇಣುಕಿ ನೋಡಿ. ರಸ ನಡುವಿನಲ್ಲೂ ಮಂದವಾಗಿ, ನಿಧಾನಕ್ಕೆ ಗುಳ್ಳೆ ಒಡೆಯುತ್ತಾ ಕುದಿಯುತ್ತಿರಬೇಕು. ತೆಳ್ಳಗೆ ಕುದಿಯುತ್ತಿದ್ದರೆ ಕಾರ್ನ್‌ಫ್ಲೋರ್ ಇನ್ನೂ ಬೆಂದಿಲ್ಲ.

ತೆಗೆದ ಮೇಲೆ ಮೂರು ಗಂಟೆ ಕತ್ತರಿಸಬಾರದು. ಮನೆಯಲ್ಲಿ ಮಕ್ಕಳಿದ್ದರೆ ಇದೇ ಎಲ್ಲಕ್ಕಿಂತ ಕಷ್ಟದ ಭಾಗ. ಬಿಸಿಯಲ್ಲಿ ಕತ್ತರಿಸಿದರೆ ರಸ ಹರಿದು ತಟ್ಟೆ ತುಂಬುತ್ತದೆ, ಆರಿದರೆ ಹೂರಣ ತಾನಾಗಿ ನಿಲ್ಲುತ್ತದೆ. ಅತ್ತೆ ಮೊದಲು ಅಂಚಿನ ತುಂಡು ಮುರಿದುಕೊಳ್ಳುತ್ತಾರೆ. ಪದರ ಬಿಡಿಸಿ, ಒಂದೊಂದೇ ಹಾಳೆ ಬಾಯಿಗೆ ಹಾಕಿಕೊಂಡು, ಆಮೇಲೆ ಸೇಬಿನ ಕಡೆ ನೋಡುತ್ತಾರೆ.

ಮಿಕ್ಕದ್ದನ್ನು ಡಬ್ಬಿಯಲ್ಲಿ ಮುಚ್ಚಿಡಬೇಡಿ, ನಮ್ಮ ತೇವಕ್ಕೆ ಬೆಳಗಾಗುವಷ್ಟರಲ್ಲಿ ಕವಚ ಮೆತ್ತಗಾಗುತ್ತದೆ. ಬಟ್ಟೆ ಮುಚ್ಚಿ ಫ್ರಿಜ್‌ನಲ್ಲಿಟ್ಟು, ತಿನ್ನುವ ಮುಂಚೆ 180 ಡಿಗ್ರಿಯಲ್ಲಿ ಹದಿನೈದು ನಿಮಿಷ ಬಿಸಿ ಮಾಡಿ. ಮೈಕ್ರೋವೇವ್ ಬೇಡ. ಕರೆಂಟಿಲ್ಲದಿದ್ದರೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ, ಮುಚ್ಚಳ ಓರೆ ಮಾಡಿ ಇಟ್ಟರೂ ಕೆಳಗಿನ ಹಾಳೆ ಮತ್ತೆ ಗರಿಯಾಗುತ್ತದೆ.