ಗೋಡೆ ಒಡೆಯುವಾಗ ಮನೆಯೊಳಗೇ ಇರುವವರಿಗೆ

ನಾಲ್ಕು ತಿಂಗಳು ನಾವಿಬ್ಬರೂ ಮಂಚದ ಮೇಲೆ ಕುಳಿತು ಊಟ ಮಾಡಿದೆವು. ಊಟದ ಮೇಜಿನ ಮೇಲೆ ಟೈಲ್ಸ್ ಡಬ್ಬಗಳಿದ್ದವು, ಕುರ್ಚಿಗಳಿಗೆ ಬಾಗಿಲಿನ ಚೌಕಟ್ಟು ಒರಗಿತ್ತು. ಅಡುಗೆಮನೆ, ಸ್ನಾನದಮನೆ ಎರಡನ್ನೂ ಒಡೆಸಿ ಹೊಸದಾಗಿ ಮಾಡಿಸುವಾಗ ಬೇರೆ ಕಡೆ ಹೋಗಿರುವ ಅನುಕೂಲ ನಮಗಿರಲಿಲ್ಲ. ಅದೇ ಪಾಡಿನಲ್ಲಿರುವ ಗಂಡ ಹೆಂಡಿರಿಗೆ ನಾವು ಕಲಿತದ್ದನ್ನು ಹೇಳುತ್ತೇನೆ.

ಮೊದಲ ಸುತ್ತಿಗೆ ಪೆಟ್ಟು ಬೀಳುವ ಮುನ್ನ ಒಂದು ಕೋಣೆಯನ್ನು ಕೆಲಸದಿಂದ ಹೊರಗಿಡಿ. ಕೊನೆಯ ದಿನದವರೆಗೂ ಅಲ್ಲಿಗೆ ಸಿಮೆಂಟಾಗಲಿ, ಮೇಸ್ತ್ರಿಯಾಗಲಿ ಬರಕೂಡದು. ಬಾಗಿಲಿನ ಚೌಕಟ್ಟಿಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಟೇಪಿನಿಂದ ಅಂಟಿಸಿ, ನಡುವೆ ಉದ್ದಕ್ಕೆ ಸೀಳಿ, ಆ ಸೀಳಿನ ಮೇಲೆ ಇನ್ನೊಂದು ಹಾಳೆಯನ್ನು ಪರದೆಯಂತೆ ಇಳಿಬಿಡಿ. ಹೊಸ್ತಿಲಿಗೆ ಒದ್ದೆ ಬಟ್ಟೆ ಹಾಸಿ. ಇಷ್ಟೆಲ್ಲ ಮಾಡಿದರೂ ದಿಂಬಿನ ಕೆಳಗೆ ಧೂಳು ಸಿಗುತ್ತದೆ, ಆದರೆ ಬಾಯಿಗೆ ಬರುವುದಿಲ್ಲ. ಒಣ ಪೊರಕೆಯಿಂದ ಗುಡಿಸಬೇಡಿ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ. ಟೈಲ್ಸ್ ಕತ್ತರಿಸುವ ಯಂತ್ರವನ್ನು ಮನೆಯ ಹೊರಗೆ ಇಡಿಸಿ, ನೀರು ಬಿಟ್ಟುಕೊಂಡೇ ಕತ್ತರಿಸಲು ಹೇಳಿ. ಆ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಕೆಟ್ಟದ್ದು. ಹಳೆಯ ಮನೆಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯೂ ಉಂಟು, ಅದನ್ನು ಒಣಗಿದ್ದಾಗಲೇ ಉಪ್ಪುಕಾಗದದಿಂದ ಉಜ್ಜಲು ಬಿಡಬೇಡಿ.

ಎರಡನೆಯ ಮಾತು: ಎರಡು ನೀರಿನ ಜಾಗಗಳನ್ನು ಒಟ್ಟಿಗೆ ಒಡೆಸಬೇಡಿ. ಒಂದು ಮುಗಿದು, ಅದರ ನಲ್ಲಿಯಲ್ಲಿ ನೀರು ಬಂದ ಮೇಲೆ ಇನ್ನೊಂದಕ್ಕೆ ಕೈ ಹಾಕಿ. ಒಂದೇ ಸಲಕ್ಕೆ ಮುಗಿಸಿದರೆ ಬೇಗ ಆಗುತ್ತದೆ ಎಂದು ನಿಮ್ಮ ಮನೆಯಲ್ಲೂ ಯಾರಾದರೂ ಲೆಕ್ಕ ಹಾಕಿ ತೋರಿಸುತ್ತಾರೆ. ಲೆಕ್ಕ ಸರಿಯಿರುತ್ತದೆ. ಪಾತ್ರೆ ಎಲ್ಲಿ ತೊಳೆಯುವುದು ಎಂಬುದು ಮಾತ್ರ ಆ ಲೆಕ್ಕದಲ್ಲಿ ಇರುವುದಿಲ್ಲ.

ಇನ್ನು ಜಗಳದ ವಿಷಯ. ನಮ್ಮ ಸ್ನಾನದಮನೆಯ ಗೋಡೆಯಲ್ಲಿ ಎರಡು ಗೂಡುಗಳಿವೆ, ಒಂದು ಭುಜದ ಎತ್ತರಕ್ಕೆ, ಇನ್ನೊಂದು ಮೊಣಕಾಲಿನ ಹತ್ತಿರ. ಬೆಳಿಗ್ಗೆ ನಾನು ಮೇಲೆ ಬೇಕೆಂದೆ. ಮಧ್ಯಾಹ್ನ ನಮ್ಮವರು ಕೆಳಗೆ ಇರಲಿ ಎಂದರು. ಮೇಸ್ತ್ರಿ ಬುದ್ಧಿವಂತ, ಎರಡನ್ನೂ ಕೊರೆದು ಸಂಜೆ ಇಬ್ಬರಿಂದಲೂ ಕೂಲಿ ತೆಗೆದುಕೊಂಡ. ಅಂದಿನಿಂದ ಕೆಲಸದವರೊಂದಿಗೆ ಮಾತಾಡುವುದು ಒಬ್ಬರೇ ಎಂದು ಗೊತ್ತುಮಾಡಿಕೊಂಡೆವು. ನಲ್ಲಿ, ಟೈಲ್ಸ್ ನನ್ನವು. ವಿದ್ಯುತ್ತು, ಮರಗೆಲಸ ಅವರದು. ಇನ್ನೊಬ್ಬರಿಗೆ ಏನಾದರೂ ತೋಚಿದರೆ ಮೊಳೆಗೆ ತೂಗುಹಾಕಿದ ಪುಸ್ತಕದಲ್ಲಿ ಬರೆಯಬೇಕು, ಮೇಸ್ತ್ರಿಯ ಕಿವಿಯಲ್ಲಿ ಅಲ್ಲ.

ಸ್ವಿಚ್ಚುಗಳ ಜಾಗವನ್ನು ಕಾಗದದ ಮೇಲೆ ತೀರ್ಮಾನಿಸಬೇಡಿ. ವೈರಿಗೆ ಗೋಡೆ ಕೊರೆಯುವ ಹಿಂದಿನ ರಾತ್ರಿ ಮಂಚವನ್ನು ಅದರ ಜಾಗಕ್ಕೆ ಎಳೆದು, ಕೈಯಲ್ಲಿ ಸೀಮೆಸುಣ್ಣ ಹಿಡಿದು ಮಲಗಿ, ದೀಪ ಆರಿಸಿ. ಕತ್ತಲಲ್ಲಿ ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಗೆರೆ ಎಳೆಯಿರಿ. ಇಬ್ಬರೂ ಮಾಡಿ, ಏಕೆಂದರೆ ಕೈಗಳ ಉದ್ದ ಒಂದೇ ಅಲ್ಲ. ನಮ್ಮ ಗೆರೆಗಳ ನಡುವೆ ಒಂದು ಗೇಣಿನಷ್ಟು ಅಂತರವಿತ್ತು. ನನ್ನ ಗೆರೆಯೇ ನಿಂತಿತು, ರಾತ್ರಿ ಏಳುವವಳು ನಾನೇ ಆದ್ದರಿಂದ.

ವೈರು, ಪೈಪು ಹಾಕಿ ಮುಗಿದು ಗಿಲಾವು ಬೀಳುವ ಮೊದಲು ಪ್ರತಿ ಗೋಡೆಗೂ ಅಳತೆ ಪಟ್ಟಿ ಹಿಡಿದು ಫೋಟೋ ತೆಗೆದಿಡಿ. ಮೂಲೆಯಿಂದ ಎಷ್ಟು, ನೆಲದಿಂದ ಎಷ್ಟು ಎಂಬುದು ಚಿತ್ರದಲ್ಲೇ ಕಾಣಬೇಕು. ಕನ್ನಡಿ ತೂಗುಹಾಕುವಾಗ ನಮ್ಮವರು ಪೈಪು ಎಡಕ್ಕಿದೆ ಎಂದು ಆಣೆ ಹಾಕಿದರು. ಫೋಟೋದಲ್ಲಿ ಅದು ಅವರು ಡ್ರಿಲ್ ಇಟ್ಟಿದ್ದ ಜಾಗದಲ್ಲೇ ಇತ್ತು.

ಸ್ನಾನದಮನೆಯ ನೆಲಕ್ಕೆ ಜಲನಿರೋಧಕ ಲೇಪನ ಬಳಿದು ಅದು ಒಣಗಿದ ಮೇಲೆ, ಟೈಲ್ಸ್ ಕೂರಿಸುವ ಮೊದಲು, ನೀರು ಹೋಗುವ ಬಾಯಿಯನ್ನು ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗುರುತು ಮಾಡಿ, ಕನಿಷ್ಠ 24 ಗಂಟೆ ಬಿಟ್ಟು ನೋಡಿ. 48 ಗಂಟೆಯಾದರೆ ಇನ್ನೂ ಒಳ್ಳೆಯದು. ಕೂದಲೆಳೆಯಷ್ಟು ಇಳಿದರೆ ಆವಿಯಾಗಿದ್ದೀತು. ಹೆಚ್ಚು ಇಳಿದಿದ್ದರೆ ಅಥವಾ ಕೆಳಗಿನ ಚಾವಣಿಯಲ್ಲಿ ತೇವ ಕಂಡರೆ ಕೆಲಸ ನಿಲ್ಲಿಸಿ. ‘ಏನೂ ಆಗುವುದಿಲ್ಲ’ ಎಂಬ ಮಾತು ಆಗ ಖಂಡಿತ ಕೇಳಿಬರುತ್ತದೆ. ನಮ್ಮಲ್ಲಿ ಬಂತು, ಮೂಲೆಯಲ್ಲಿ ಮತ್ತೊಮ್ಮೆ ಬಳಿಸಿದೆವು. ಟೈಲ್ಸ್ ಕೂತ ಮೇಲೆ ಒಂದು ಚೊಂಬು ನೀರು ಸುರಿದು ನೋಡಿ. ಒಂದು ಮೀಟರ್ ಉದ್ದಕ್ಕೆ ಒಂದು ಸೆಂಟಿಮೀಟರ್‌ನಷ್ಟಾದರೂ ಇಳಿಜಾರು ಇದ್ದರೆ ನೀರು ಯಾರನ್ನೂ ಕೇಳದೆ ಹೋಗುತ್ತದೆ.

ಟೈಲ್ಸ್ ಕೊಳ್ಳುವಾಗ ಎಲ್ಲ ಡಬ್ಬಗಳ ಮೇಲೂ ಒಂದೇ ಬ್ಯಾಚ್ ಸಂಖ್ಯೆ ಇದೆಯೇ ನೋಡಿ, ನೂರಕ್ಕೆ ಹತ್ತರಷ್ಟು ಹೆಚ್ಚಿಗೆ ತನ್ನಿ.

ಸಿಮೆಂಟ್ ಗಿಲಾವಿಗೆ ಕಡಿಮೆಯೆಂದರೂ ಒಂದು ವಾರ ನೀರುಣಿಸಬೇಕು. ಬೆಳಗಿನ ಪಾಳಿ ಅವರದು, ಸಂಜೆಯದು ನನ್ನದು. ಮುಂದೆ ಬಣ್ಣಕ್ಕೆ ಆತುರಪಡಬೇಡಿ, ಗೋಡೆ ಒಣಗಲು ವಾರಗಳೇ ಬೇಕು. ಅಂಗೈಯಗಲದ ಪ್ಲಾಸ್ಟಿಕ್ ತುಂಡನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ರಾತ್ರಿ ಗೋಡೆಗೆ ಅಂಟಿಸಿ. ಬೆಳಿಗ್ಗೆ ಒಳಮೈಯಲ್ಲಿ ನೀರ ಹನಿ ಕಂಡರೆ ಕಾಯಿರಿ. ಹಸಿ ಗೋಡೆಗೆ ಬಳಿದ ಬಣ್ಣ ಗುಳ್ಳೆ ಎದ್ದು ಸಿಪ್ಪೆಯಾಗಿ ಉದುರುತ್ತದೆ.

ರಾತ್ರಿ ಊಟವಾದ ಮೇಲೆ ಮನೆಯ ಕೆಲಸದ ಮಾತು ಬೇಡ ಎಂಬ ಕಟ್ಟಳೆಯೂ ನಮ್ಮಲ್ಲಿತ್ತು. ಹನ್ನೊಂದು ಗಂಟೆಗೆ, ದೀಪ ಆರಿಸಿ ಇಬ್ಬರೂ ಮಗ್ಗುಲು ಬದಲಿಸಿದ ಮೇಲೆ, ಕತ್ತಲಿನಿಂದ ದನಿಯೊಂದು ಬರುತ್ತಿತ್ತು: ‘ಟೈಲ್ಸ್ ಸಂದಿಗೆ ತುಂಬುವುದು ಬೂದು ಬಣ್ಣವೋ, ಬಿಳಿಯೋ?’ ನಾನು ನಿದ್ದೆ ಬಂದವಳಂತೆ ಉಸಿರಾಡುತ್ತಿದ್ದೆ. ನೀವೂ ಹಾಗೇ ಮಾಡಿ. ಅಂದ ಹಾಗೆ, ಬೂದು ಹಾಕಿಸಿ, ಕೊಳೆ ಕಾಣುವುದಿಲ್ಲ.

ಕೊನೆಯ ಕಂತು ಕೊಡುವ ಮುನ್ನ ಇಬ್ಬರೂ ಬೇರೆ ಬೇರೆಯಾಗಿ ಮನೆ ಸುತ್ತಿ, ಪ್ರತಿ ಬಾಗಿಲು, ಸ್ವಿಚ್ಚು, ನಲ್ಲಿಯನ್ನು ತೆರೆದು ಮುಚ್ಚಿ, ಬಾಕಿ ಕೆಲಸಗಳ ಪಟ್ಟಿ ಮಾಡಿ. ನನ್ನ ಪಟ್ಟಿಯಲ್ಲಿ ಹನ್ನೆರಡಿದ್ದವು, ಅವರದರಲ್ಲಿ ಒಂಬತ್ತು. ಎರಡರಲ್ಲೂ ಇದ್ದದ್ದು ನಾಲ್ಕೇ. ಎಲ್ಲ ಮುಗಿಸಿಕೊಂಡೇ ಹಣ ಕೊಟ್ಟೆವು, ಸ್ನಾನದಮನೆಯ ಚಿಲಕವೊಂದನ್ನು ಬಿಟ್ಟು. ಅದನ್ನು ತಾವೇ ಹಾಕುವುದಾಗಿ ನಮ್ಮವರು ಹೇಳಿದ್ದಾರೆ. ಸದ್ಯಕ್ಕೆ ಒಳಗಿರುವವರು ಕೆಮ್ಮುತ್ತೇವೆ.