ಮಡಚುವ ಜರ್ಮನ್ ರೇಂಜ್‌ಫೈಂಡರ್ ಕೊಳ್ಳುವ ಮುನ್ನ ಏನು ನೋಡಬೇಕು

ಹಳೆಯ ಮಡಚುವ ಕ್ಯಾಮೆರಾ ಮಾರುವವರು ದರ ಹೇಳುವುದು ಲೆನ್ಸಿನ ಸುತ್ತ ಕೆತ್ತಿದ ಹೆಸರು ನೋಡಿ. ಟೆಸ್ಸಾರ್, ಹೆಲಿಯಾರ್, ಸೊಲಿನಾರ್ ಎಂದಿದ್ದರೆ ಬೆಲೆ ಏರುತ್ತದೆ. ಆದರೆ ಎಪ್ಪತ್ತು ವರ್ಷ ದಾಟಿದ ಇಂಥ ಕ್ಯಾಮೆರಾದಲ್ಲಿ ಮೊದಲು ಕೈಕೊಡುವುದು ಮಡಿಕೆಯ ಭಾಗಗಳು: ಬೆಲ್ಲೋಸ್ (ಲೆನ್ಸಿಗೂ ಕ್ಯಾಮೆರಾ ಮೈಗೂ ನಡುವಿನ, ಬೆಳಕು ಬಿಡದ ಮಡಿಕೆ ಚೀಲ), ಲೆನ್ಸನ್ನು ಹೊತ್ತು ನಿಲ್ಲುವ ಪಟ್ಟಿಗಳು, ಅವಕ್ಕೆ ಹೊಂದಿಕೊಂಡ ರೇಂಜ್‌ಫೈಂಡರ್, ಅಂದರೆ ವಸ್ತುವಿನ ದೂರ ಅಳೆಯುವ ಸಾಧನ. ಬೆಲ್ಲೋಸ್ ಗಟ್ಟಿಯಿದ್ದು ಲೆನ್ಸ್ ನೆಟ್ಟಗೆ ನಿಲ್ಲುವ ಸಾಧಾರಣ ಕ್ಯಾಮೆರಾವೇ ಓರೆಯಾದ ಟೆಸ್ಸಾರ್‌ಗಿಂತ ಮೇಲು.

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ಆಗ್ಫಾ ಐಸೊಲೆಟ್ 3, ಫೋಕ್ಟ್‌ಲ್ಯಾಂಡರ್ ಪರ್ಕಿಯೊ ಇ ಇವುಗಳಲ್ಲಿ ರೇಂಜ್‌ಫೈಂಡರ್ ಇದ್ದರೂ ಲೆನ್ಸಿಗೆ ಜೋಡಣೆ ಇಲ್ಲ. ಅದು ತೋರಿಸಿದ ದೂರವನ್ನು ಓದಿ ನೀವೇ ಲೆನ್ಸಿನ ಮೇಲೆ ಇಡಬೇಕು. ಜೈಸ್ ಇಕಾನ್ 1934ರಿಂದ ತಂದ ಸೂಪರ್ ಇಕಾಂಟಾ, 1950ರ ಬೆಸ್ಸಾ 2, 1954ರ ಆಗ್ಫಾ ಸೂಪರ್ ಐಸೊಲೆಟ್ ಇವುಗಳಲ್ಲಿ ಜೋಡಣೆ ಇದೆ. ಜಾಹೀರಾತಿನಲ್ಲಿ ಎಲ್ಲಕ್ಕೂ ರೇಂಜ್‌ಫೈಂಡರ್ ಎಂದೇ ಬರೆದಿರುತ್ತಾರೆ, ಕೇಳಿ ಖಚಿತ ಮಾಡಿಕೊಳ್ಳಿ.

ಹೊಸಬರಿಗೆ ನಮ್ಮ ಸಲಹೆ ಸ್ಟುಟ್‌ಗಾರ್ಟ್‌ನಲ್ಲಿ ತಯಾರಾದ ಕೊಡಾಕ್ ರೆಟಿನಾ 2ಎ. ಅದಕ್ಕೆ 35 ಮಿ.ಮೀ. ಫಿಲ್ಮ್ ಸಾಕು. ಮುಚ್ಚುವ ಮುನ್ನ ಫೋಕಸ್ ಅನಂತಕ್ಕೆ (ಅತಿ ದೂರದ ∞ ಗುರುತಿಗೆ) ತಂದು, ಲೆನ್ಸಿನ ಮೇಲೂ ಕೆಳಗೂ ಇರುವ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ಇದು ಗೊತ್ತಿಲ್ಲದೆ ಬಾಗಿಲು ಅದುಮಿ ಹಾಳು ಮಾಡಿದವು ಬಹಳ ಇವೆ. ರೆಟಿನಾದ ಕೌಂಟರ್ ಹಿಂದಕ್ಕೆ ಎಣಿಸುತ್ತದೆ, 1ಕ್ಕೆ ಬಂದಾಗ ಲಾಕ್ ಆಗುತ್ತದೆ. ‘ಜಾಮ್ ಆಗಿದೆ’ ಎಂದು ಅಗ್ಗಕ್ಕೆ ಮಾರುವ ಕೆಲವು ರೆಟಿನಾಗಳಿಗೆ ಬೇಕಾಗಿರುವುದು ಕೌಂಟರನ್ನು ಮೇಲಕ್ಕೆ ತಿರುಗಿಸುವುದು ಅಷ್ಟೇ. 2ಸಿ, 3ಸಿ ಮಾದರಿಗಳಲ್ಲಿ ಮಾತ್ರ ಎಚ್ಚರ: ಲಿವರ್ ಬಿಗಿಯೆಂದು ಬಲ ಹಾಕಿದರೆ ಶಟರ್ ಕಾಕ್ ಮಾಡುವ (ಹೊಡೆಯಲು ಸಜ್ಜುಗೊಳಿಸುವ) ಹಲ್ಲಿನ ಪಟ್ಟಿ ಸವೆಯುತ್ತದೆ, ಆ ರಿಪೇರಿ ಸುಲಭವಲ್ಲ.

ಕ್ಯಾಮೆರಾ ಕೈಗೆ ಬಂದ ರಾತ್ರಿಯೇ ಬೆಲ್ಲೋಸ್ ಪರೀಕ್ಷಿಸಿ. ಕೋಣೆ ಪೂರ್ತಿ ಕತ್ತಲಾಗಲಿ. ಹಿಂಬದಿ ತೆರೆದು ಸಣ್ಣ ಎಲ್‌ಇಡಿ ಟಾರ್ಚನ್ನು ಒಳಗಿಟ್ಟು, ಪ್ರತಿ ಮಡಿಕೆಯ ಮೂಲೆಯನ್ನೂ ಹೊರಗಿನಿಂದ ನೋಡಿ. ಜೈಸ್, ಫೋಕ್ಟ್‌ಲ್ಯಾಂಡರ್ ಬೆಲ್ಲೋಸ್ ಸಾಮಾನ್ಯವಾಗಿ ಉಳಿದಿರುತ್ತವೆ. ಒಂದೆರಡು ಸೂಜಿ ತೂತಿದ್ದರೆ ಬಟ್ಟೆಗೆ ಹಚ್ಚುವ ಕಪ್ಪು ಅಕ್ರಿಲಿಕ್ ಬಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ ತೆಳ್ಳಗೆ ಹಚ್ಚಿ, ತೆರೆದಿಟ್ಟೇ ರಾತ್ರಿಯಿಡೀ ಒಣಗಿಸಿ. ಟೇಪ್ ಅಂಟಿಸಬೇಡಿ, ಅದರ ದಪ್ಪದಿಂದ ಮಡಿಕೆ ಸರಿಯಾಗಿ ಕೂರುವುದಿಲ್ಲ. ಆಗ್ಫಾದ್ದಾದರೆ ತೇಪೆ ದಂಡ: ಇವತ್ತು ಒಂದು ಮೂಲೆ ಮುಚ್ಚಿದರೆ ನಾಳೆ ಪಕ್ಕದ್ದು ಬಿರಿಯುತ್ತದೆ. ಹೊಸ ಬೆಲ್ಲೋಸಿನ ಖರ್ಚನ್ನೂ ಕೂಡಿಸಿಯೇ ಆಗ್ಫಾದ ಬೆಲೆ ಮಾತಾಡಿ.

ಮುಂದಿನದು ನಿಲುವು. ತೆರೆದು ಲಾಕ್ ಆದ ಮೇಲೆ ಲೆನ್ಸ್ ಹಲಗೆಯನ್ನು ಬೆರಳಿಂದ ಮೆಲ್ಲಗೆ ಅಲುಗಾಡಿಸಿ. ನಂತರ ವರ್ನಿಯರ್ ಕ್ಯಾಲಿಪರ್‌ನಿಂದ ಹಲಗೆಗೂ ಕ್ಯಾಮೆರಾ ಮೈಗೂ ನಡುವಿನ ಅಂತರವನ್ನು ನಾಲ್ಕೂ ಕಡೆ ಅಳೆಯಿರಿ. 6×6 ಸೆಂ.ಮೀ. ಚಿತ್ರದ ಅಳತೆಯಲ್ಲಿ, ಅಪರ್ಚರ್ (ಲೆನ್ಸಿನ ಬೆಳಕಿನ ಕಂಡಿ) ಅಗಲವಾಗಿರುವ ಎಫ್ 3.5ಕ್ಕೆ ತೆಗೆದರೆ 0.2 ಮಿ.ಮೀ. ಓರೆಯೂ ಚಿತ್ರದ ಒಂದು ಅಂಚನ್ನು ಮಸುಕು ಮಾಡಬಲ್ಲದು. ಕಂಡಿ ಕಿರಿದಾದ ಎಫ್ 11ರಲ್ಲಿ ಅದೇ ಓರೆ ಮುಚ್ಚಿಹೋಗುತ್ತದೆ. ಆದ್ದರಿಂದ ಮಟಮಟ ಮಧ್ಯಾಹ್ನದ ಬಿಸಿಲಲ್ಲಿ, ಕಿರಿದಾದ ಕಂಡಿಯಲ್ಲಿ ತೆಗೆದ ಮಾದರಿ ಫೋಟೊ ತೋರಿಸಿದರೆ ಒಪ್ಪಿಬಿಡಬೇಡಿ.

ರೇಂಜ್‌ಫೈಂಡರ್ ಎರಡು ಬಿಂಬಗಳನ್ನು ಅಡ್ಡಕ್ಕೆ ಸರಿಸಿ ಕೂಡಿಸುತ್ತದೆ. ಹಾಗಾಗಿ ಪರೀಕ್ಷೆಗೆ ಕನಿಷ್ಠ ಒಂದು ಕಿಲೋಮೀಟರ್ ದೂರದ, ನೆಟ್ಟನೆಯ ಅಂಚಿರುವ ವಸ್ತು ಬೇಕು. ರಾಯಚೂರಿನ ಕಡೆಯವರಿಗೆ ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರದ ಚಿಮಣಿಗಳಿಗಿಂತ ಒಳ್ಳೆಯದು ಸಿಗದು. ಬಳ್ಳಾರಿ, ಕೊಪ್ಪಳದವರಿಗೆ ಗುಡ್ಡದ ಕೋಟೆಯ ಬುರುಜಿನ ಅಂಚು ಇದೆ. ಬೆಳಿಗ್ಗೆಯೇ ನೋಡಿ, ಬಿಸಿಲೇರಿದ ಮೇಲೆ ಬಂಡೆಯಿಂದೇಳುವ ಝಳದಲ್ಲಿ ಅಂಚು ನಡುಗುತ್ತದೆ. ಫೋಕಸ್ ಅನಂತದಲ್ಲಿದ್ದಾಗ ಎರಡೂ ಬಿಂಬ ಒಂದಾಗಬೇಕು.

ಇಷ್ಟರಿಂದ ಲೆನ್ಸೂ ಸರಿಯಿದೆ ಎಂದಾಗುವುದಿಲ್ಲ. ಚಿಕ್ಕ ಗಾಜಿನ ತುಂಡಿಗೆ ಮಾಸಲು ಪಾರದರ್ಶಕ ಟೇಪ್ ಅಂಟಿಸಿ, ಟೇಪಿನ ಮುಖ ಲೆನ್ಸಿನ ಕಡೆಗಿರುವಂತೆ ಫಿಲ್ಮ್ ಕೂರುವ ಒಳಗಿನ ಹಳಿಗಳ ಮೇಲಿಡಿ. ಶಟರನ್ನು ‘ಬಿ’ಯಲ್ಲಿ (ಒತ್ತಿ ಹಿಡಿದಷ್ಟು ಹೊತ್ತು ತೆರೆದಿರುವ ಗುರುತಿನಲ್ಲಿ) ತೆರೆದು ಹಿಡಿದು, ಅಪರ್ಚರ್ ಪೂರ್ತಿ ಬಿಟ್ಟು, ಭೂತಗನ್ನಡಿಯಿಂದ ಅದೇ ಅಂಚನ್ನು ನೋಡಿ. ಬಿಂಬ ಚೂಪಾಗಿದ್ದು ರೇಂಜ್‌ಫೈಂಡರ್ ಮಾತ್ರ ತಪ್ಪಿದ್ದರೆ ಕೆಲಸ ಚಿಕ್ಕದು. ಬಿಂಬವೇ ಮಸುಕಾಗಿದ್ದರೆ ಯಾರೋ ಮುಂದಿನ ಲೆನ್ಸ್ ಬಿಚ್ಚಿ ತಪ್ಪು ಥ್ರೆಡ್‌ನಲ್ಲಿ ಕೂರಿಸಿರುವ ಸಾಧ್ಯತೆ ಹೆಚ್ಚು. ಸೂಪರ್ ಇಕಾಂಟಾದಲ್ಲಿ ಮುಂದಿನ ಲೆನ್ಸಿಗೂ ತಿರುಗುವ ಪ್ರಿಸಂಗೂ ಹಲ್ಲಿನ ಗಾಲಿಗಳ ಜೋಡಣೆ ಇರುವುದರಿಂದ ಒಂದೇ ಹಲ್ಲು ತಪ್ಪಿದರೂ ಎರಡರ ಲೆಕ್ಕ ಬೇರೆಯಾಗುತ್ತದೆ.

ಆಗ್ಫಾದಲ್ಲಿ ಫೋಕಸ್ ರಿಂಗ್ ಕಲ್ಲಾಗಿದ್ದರೆ ಕಾರಣ ಅದರ ಹಸಿರು ಗ್ರೀಸ್. ಬಲವಂತ ಮಾಡಿದರೆ ಮುಂದಿನ ಲೆನ್ಸಿನ ಜೊತೆ ನಡುವಿನದೂ ಬಿಚ್ಚಿಕೊಂಡು ಬರುತ್ತದೆ. ಅಂಚಿಗೆ ಒಂದೆರಡು ಹನಿ ಲೈಟರ್ ಫ್ಲೂಯಿಡ್ ಬಿಟ್ಟು ಅದು ಪೂರ್ತಿ ಆರಲಿ. ಆಮೇಲೆ ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿ ಮಾಡಿ ತಿರುಗಿಸಿ ನೋಡಿ. ಹಸಿಯಿರುವಾಗ ಬಿಸಿ ತೋರಿಸಿದರೆ ಹೊತ್ತಿಕೊಳ್ಳುತ್ತದೆ. ಬಿಚ್ಚುವಾಗ ಲೆನ್ಸ್ ಥ್ರೆಡ್‌ನಿಂದ ಕಳಚಿದ ಜಾಗಕ್ಕೆ ಗುರುತು ಹಾಕಿ, ಕೂರಿಸುವಾಗ ಅಲ್ಲಿಂದಲೇ ಶುರು ಮಾಡಿ.

ಶಟರ್ ಕಾಂಪುರ್ ಆಗಲಿ ಪ್ರೊಂಟಾರ್ ಆಗಲಿ, 1 ಸೆಕೆಂಡಿಗೆ ಇಟ್ಟು ಸದ್ದು ಕೇಳಿ. ನಡುವೆ ನಿಂತರೆ ನಿಧಾನ ವೇಗದ ಗಾಲಿಗಳಲ್ಲಿ ಎಣ್ಣೆ ಒಣಗಿದೆ ಎಂದರ್ಥ, ಸ್ಪ್ರಿಂಗ್ ಹೋಗಿರುವುದು ಅಪರೂಪ. ಡಬ್ಲ್ಯುಡಿ-40 ಹೊಡೆಯಲೇಬೇಡಿ, ಅದು ಹರಿದು ಬ್ಲೇಡುಗಳಿಗೆ ಅಂಟುತ್ತದೆ. ಕಾಂಪುರ್ ರಾಪಿಡ್‌ನಲ್ಲಿ 1/400 ಅಥವಾ 1/500 ಬೇಕಿದ್ದರೆ ಕಾಕ್ ಮಾಡುವ ಮುನ್ನವೇ ಇಡಬೇಕು, ಆ ವೇಗಕ್ಕೆ ಹೆಚ್ಚುವರಿ ಸ್ಪ್ರಿಂಗ್ ಇದೆ. ಸೆಲ್ಫ್ ಟೈಮರ್ ಮುಟ್ಟಬೇಡಿ: ಅದು ನಡುವೆ ಸಿಕ್ಕಿಕೊಂಡರೆ ಶಟರೂ ನಿಲ್ಲುತ್ತದೆ.

ಸೂಪರ್ ಇಕಾಂಟಾ 532/16 ಒಂದು 120 ರೋಲಿಗೆ 11 ಚಿತ್ರ ಕೊಡುತ್ತದೆ. ಹನ್ನೆರಡನೆಯದು ಬರಲಿಲ್ಲ ಎಂದು ಬಿಚ್ಚಬೇಡಿ, ಅದರ ರಚನೆಯೇ ಹಾಗೆ. ಯಾವ ರೋಲ್‌ಫಿಲ್ಮ್ ಕ್ಯಾಮೆರಾ ಆದರೂ ನಿಧಾನಕ್ಕೆ ತೆರೆಯಿರಿ. ಥಟ್ಟನೆ ತೆರೆದರೆ ಬೆಲ್ಲೋಸ್ ಗಾಳಿ ಎಳೆದುಕೊಂಡು ಫಿಲ್ಮ್ ಮುಂದಕ್ಕೆ ಉಬ್ಬುತ್ತದೆ. ತೆರೆದ ಮೇಲೆಯೇ ಫಿಲ್ಮ್ ಸುತ್ತುವುದು ಒಳ್ಳೆಯ ಅಭ್ಯಾಸ.

ಇಡುವ ಜಾಗದ ವಿಷಯದಲ್ಲಿ ನಮ್ಮ ಸೀಮೆಗೆ ಕರಾವಳಿಯ ಫಂಗಸ್ ಕಾಟ ಕಡಿಮೆ. ಆದರೆ ಗಂಗಾವತಿ, ಸಿಂಧನೂರಿನ ಕಾಲುವೆ ಭಾಗದಲ್ಲಿ ಮಳೆಗಾಲಕ್ಕೆ ಸಿಲಿಕಾ ಜೆಲ್ ಬೇಕೇ ಬೇಕು. ಬಳ್ಳಾರಿ, ಸಂಡೂರಿನಲ್ಲಿ ವೈರಿ ಅದಿರಿನ ಕೆಂಪು ಧೂಳು. ಮಡಚಿಟ್ಟು, ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಮೂಲ ಚರ್ಮದ ಕೇಸನ್ನು ಬೇರೆ ಇಡಿ, ಅದು ತೇವ ಹಿಡಿಯುತ್ತದೆ. ಬೀರುವಿನ ಮೇಲ್ತುದಿ ಬೇಡ, ಏಪ್ರಿಲ್-ಮೇನಲ್ಲಿ ಚಾವಣಿಯ ಕಾವಿಗೆ ಗ್ರೀಸ್ ತೆಳುವಾಗಿ ಬ್ಲೇಡುಗಳ ಮೇಲೆ ಇಳಿಯುತ್ತದೆ. ಕೆಳಗಿನ ಖಾನೆಯಲ್ಲಿ, ಶಟರ್ ಕಾಕ್ ಮಾಡದೆ ಇಡಿ. ತಿಂಗಳಿಗೊಮ್ಮೆ ತೆರೆದು ಪ್ರತಿ ವೇಗದಲ್ಲೂ ನಾಲ್ಕೈದು ಸಲ ಹೊಡೆದು ಮುಚ್ಚಿ.